ಇಸ್ತ್ರಿಯಾಗದ ಬೆಡ್‌ಶೀಟುಗಳು

ಆ ಲಾಂಡ್ರಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮ್ಯಾನೇಜರಿನಿಂದ ಹಿಡಿದು ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವರವರೆಗೆ ಎಲ್ಲರ ಬಾಯಲ್ಲೂ ಅವಳು ಇಸ್ತ್ರಿಯಕ್ಕ. ಮದುವೆಯಾದ ಮೂರನೇ ತಿಂಗಳಿಗೆ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಅತ್ತೆಯ ಹಿಂದೆ ಹಿಂದೆ ನಡೆದು ಆ ಕಟ್ಟಡದೊಳಗೆ ಕಾಲಿಟ್ಟವಳು. ಅತ್ತೆ ಆಗ ಅಲ್ಲಿ ಬಟ್ಟೆಯ ಕಲೆ ತೆಗೆಯುವ ಕೆಲಸದಲ್ಲಿದ್ದರು. "ಇವಳಿಗೆ ನೀರಿನ ಕೆಲಸ ಬೇಡ ಸಾರ್, ನೆಗಡಿ ಜಾಸ್ತಿ. ಬಿಸಿ ಇರೋ ಕಡೆ ಹಾಕಿ" ಎಂದು ಅಂದಿನ ಮ್ಯಾನೇಜರಿಗೆ ಹೇಳಿ ಸೊಸೆಯನ್ನು ಇಸ್ತ್ರಿ ಕೋಣೆಗೆ ಸೇರಿಸಿದವರು ಅವರೇ. "ನೆಗಡಿ ಹೋಯ್ತು, ಅತ್ತೆ ಉಳಿದ್ರು" ಎಂದು ಇಸ್ತ್ರಿಯಕ್ಕ ಆಮೇಲೆ ಎಷ್ಟೋ ವರ್ಷ ಅತ್ತೆಯ ಎದುರಿಗೇ ಹೇಳಿ ನಗುತ್ತಿದ್ದಳು. ಅತ್ತೆಯೂ ನಗುತ್ತಿದ್ದರು.

ಲಾಂಡ್ರಿ ಇದ್ದದ್ದು ರೈಲು ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಟೈರಿನ ಅಂಗಡಿಗೂ ಮರದ ಡಿಪೋಗೂ ನಡುವೆ. ಉದ್ದನೆಯ ಶೆಡ್ಡು, ತಗಡಿನ ಮಾಡು. ಊರಿನ ಹೋಟೆಲುಗಳಲ್ಲಿ ಹನ್ನೊಂದರ ಬೆಡ್‌ಶೀಟು, ದಿಂಬಿನ ಚೀಲ, ಮೇಜಿನ ಹಾಸು ಎಲ್ಲ ಅಲ್ಲಿಗೇ ಬರಬೇಕು. ಒಬ್ಬರದು ಇನ್ನೊಬ್ಬರಿಗೆ ಹೋಗದಿರಲಿ ಅಂತ ಒಂದೊಂದು ಹೋಟೆಲಿಗೆ ಒಂದೊಂದು ಬಣ್ಣದ ದಾರ, ಬಟ್ಟೆಯ ಮೂಲೆಯಲ್ಲಿ ಮೂರು ಹೊಲಿಗೆ. ಶೆಡ್ಡಿನ ಆ ತುದಿಯಲ್ಲಿ ಇಸ್ತ್ರಿ ಕೋಣೆ. ಅಲ್ಲಿ ಒಂದಾಳಿಗಿಂತ ಉದ್ದದ ಉಕ್ಕಿನ ರೋಲರ್. ಬಾಯ್ಲರಿನಿಂದ ಕೊಳವೆಯಲ್ಲಿ ಬಂದ ಉಗಿ ಅದರ ಹೊಟ್ಟೆಯಲ್ಲಿ ಓಡಾಡುತ್ತದೆ. ಈಚೆ ಕಡೆ ಇಬ್ಬರು ಹೆಂಗಸರು ಹಸಿ ಬೆಡ್‌ಶೀಟಿನ ಎರಡು ತುದಿ ಹಿಡಿದು ಒಳಗೆ ಬಿಟ್ಟರೆ, ಆಚೆ ಕಡೆ ಇನ್ನಿಬ್ಬರು ಅದು ಗರಿಗರಿಯಾಗಿ ಹೊರಗೆ ಬರುವುದನ್ನು ಹಿಡಿದು ಮಡಚುತ್ತಾರೆ. ಬಿಡುವುದರಲ್ಲಿ ಕೂದಲೆಳೆಯಷ್ಟು ಓರೆಯಾದರೂ ಸುಕ್ಕು ಬೀಳುತ್ತದೆ. ಇಸ್ತ್ರಿಯಕ್ಕ ಬಿಟ್ಟ ಬಟ್ಟೆಗೆ ಸುಕ್ಕು ಬಿದ್ದದ್ದನ್ನು ಯಾರೂ ಕಾಣರು.

ಅದು ಅವಳಿಗೆ ಕೆಲಸ ಮಾತ್ರ ಆಗಿರಲಿಲ್ಲ, ಒಂಥರಾ ರೋಗವೂ ಆಗಿತ್ತು. ಸಿಟಿ ಬಸ್ಸಿನ ಡ್ರೈವರ್ ಆಗಿದ್ದ ಗಂಡನ ಯೂನಿಫಾರ್ಮಿನ ಮಡಿಕೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ಬಸ್ ಡಿಪೋದವರು ತಮಾಷೆ ಮಾಡುತ್ತಿದ್ದರು. ಒಮ್ಮೆ ಭಾವನಿಗೆ ಆಪರೇಷನ್ ಆದಾಗ ನೋಡಲು ಆಸ್ಪತ್ರೆಗೆ ಹೋದವಳು ಮೊದಲು ಅವನ ಕೆಳಗಿನ ಬೆಡ್‌ಶೀಟನ್ನು ನಾಲ್ಕೂ ಕಡೆ ಎಳೆದು ಸರಿಮಾಡಿ, ಆಮೇಲೆ "ಹೇಗಿದ್ದೀರಿ ಭಾವ?" ಎಂದು ಕೇಳಿದ್ದಳು. ಅದೇ ಆಸ್ಪತ್ರೆಯಲ್ಲಿ ಈಗ ಅವಳ ಮಗಳು ನರ್ಸು.

ರೋಲರಿನ ಆಚೆ ಬದಿಯಲ್ಲಿ ಹದಿನಾಲ್ಕು ವರ್ಷದಿಂದ ಅವಳ ಜೊತೆ ನಿಂತವಳು ಉದ್ದಕ್ಕ. ಆರಡಿಗೆ ಎರಡೇ ಬೆರಳು ಕಮ್ಮಿ. ಇಡೀ ಶೆಡ್ಡನ್ನು ನಗಿಸುವವಳು ಅವಳು. ಮ್ಯಾನೇಜರ್ ನಡೆಯುವ ಹಾಗೆ ನಡೆದು ತೋರಿಸುವಳು, ಬಾಯ್ಲರ್ ನೋಡಿಕೊಳ್ಳುವ ಮಾಮನ ಗೊರಕೆಯನ್ನು ಉಗಿಯ ಸೀಟಿಯ ಜೊತೆ ತಾಳ ಹಾಕಿ ತೋರಿಸುವಳು. ಹಾಗಾಗಿ, ಮೂರು ವರ್ಷದ ಹಿಂದೆ ಬೇಸಿಗೆಯ ಒಂದು ಮಧ್ಯಾಹ್ನ ಒಂದೂವರೆ ಗಂಟೆಗೆ ಅವಳು ಕೈಯಲ್ಲಿ ಬೆಡ್‌ಶೀಟು ಹಿಡಿದುಕೊಂಡೇ ನಿಧಾನಕ್ಕೆ ಕುಸಿದು, ಬೆಡ್‌ಶೀಟು ಅವಳ ಮೇಲೆ ಹರಡಿಕೊಂಡಾಗ, ಶೆಡ್ಡಿನವರೆಲ್ಲ ನಕ್ಕರು.

ಇಸ್ತ್ರಿಯಕ್ಕನೂ ನಕ್ಕಳು.

ಬೆಡ್‌ಶೀಟು ಸರಿಸಿ ನೋಡಿದರೆ ಉದ್ದಕ್ಕನ ಮೈ ಕೆಂಡ. ಬೆವರಿನ ಹನಿಯೂ ಇರಲಿಲ್ಲ. ಕಣ್ಣು ಎಲ್ಲೋ ನೋಡುತ್ತಿತ್ತು. ಹೆಂಗಸರು ಅವಳನ್ನು ಬಟ್ಟೆ ಸಾಗಿಸುವ ಟ್ರಾಲಿಯಲ್ಲೇ ಮಲಗಿಸಿ ಅಂಗಳಕ್ಕೆ ತಳ್ಳಿದರು, ಮೈಮೇಲೆ ನೀರು ಸುರಿದರು. ವ್ಯಾನಿನ ಡ್ರೈವರ್ ಗಂಟುಮೂಟೆಗಳನ್ನು ಕೆಳಗೆಸೆದು ಆಸ್ಪತ್ರೆಗೆ ಓಡಿಸಿದ. ಜೀವ ಉಳಿಯಿತು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಆರು ವಾರ ಹಾಸಿಗೆ ಹಿಡಿದಳು. ಮರಳಿ ಬಂದಾಗ ರೋಲರಿನ ಹತ್ತಿರ ಹೋಗಲೇಬಾರದೆಂದು ಡಾಕ್ಟರು ಹೇಳಿದ್ದರು. ಹರಿದ ಬಟ್ಟೆ ಹೊಲಿಯುವ ಮೂಲೆಯಲ್ಲಿ ಅವಳಿಗೊಂದು ಕುರ್ಚಿ ಹಾಕಿಕೊಟ್ಟರು.

ಮ್ಯಾನೇಜರ್ ಕೆಟ್ಟವನಲ್ಲ. ಆದರೆ ಅವನ ಕೋಣೆಯಲ್ಲಿ ಎ.ಸಿ. ಇತ್ತು. "ಏನೂ ತಿನ್ನದೆ ಬಂದಿರ್ತಾಳೆ, ನಿಮ್ಮ ಹೆಂಗಸರ ಹಣೆಬರಹವೇ ಇಷ್ಟು" ಎಂದ.

"ತಿಂದು ಬಂದಿದ್ಳು ಸಾರ್. ನನ್ನ ಡಬ್ಬೀದೂ ಅರ್ಧ ತಿಂದಿದ್ಳು" ಎಂದಳು ಇಸ್ತ್ರಿಯಕ್ಕ.

ಅವಳು ಆ ಕೋಣೆಯಲ್ಲಿ ಕಳೆದದ್ದು ಇಪ್ಪತ್ತಾರು ಬೇಸಿಗೆ. ಮೊದಮೊದಲು ಸೆಕೆ ಎಂದರೆ ಎರಡು ತಿಂಗಳ ಮಾತು. ಈಚೆಗೆ ಅದು ಕರೆಯದೆ ಬಂದ ನೆಂಟರ ಹಾಗೆ ಬೇಗ ಬಂದು, ಹೊರಡುವ ಮಾತೇ ಎತ್ತುತ್ತಿರಲಿಲ್ಲ. ಗೋಡೆಯ ಎರಡು ಫ್ಯಾನುಗಳಲ್ಲಿ ಒಂದು ಕೆಟ್ಟು ವರ್ಷವಾಗಿತ್ತು. ಶೌಚಾಲಯ ಅಂಗಳದಾಚೆ ಇದ್ದುದರಿಂದ, ಎದ್ದು ಹೋದರೆ ಮೇಸ್ತ್ರಿ ಗೊಣಗುತ್ತಾನೆಂದು ಹೆಂಗಸರು ನೀರನ್ನೇ ಕಮ್ಮಿ ಕುಡಿಯುತ್ತಿದ್ದರು. ಇದೆಲ್ಲ ಗೊತ್ತಿದ್ದದ್ದೇ. ಗೊತ್ತಿದ್ದೂ ತಾನು ಹದಿನಾಲ್ಕು ವರ್ಷದ ಗೆಳತಿ ಬಿದ್ದಾಗ ನಿಂತು ನಕ್ಕೆನಲ್ಲ ಎಂಬುದು ಅವಳನ್ನು ಸುಮ್ಮನಿರಗೊಡಲಿಲ್ಲ.

ಮಗಳು ಒಂದು ಬೆಳಿಗ್ಗೆ ಎರಡು ಥರ್ಮಾಮೀಟರು ತಂದುಕೊಟ್ಟಳು. "ಒಂದನ್ನ ಹಾಗೇ ನೇತು ಹಾಕು. ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತು. ಒದ್ದೆ ಇರೋದು ಮೂವತ್ತು ದಾಟಿದ್ರೆ ಅಲ್ಲಿ ನಿಂತು ಇಂಥ ಕೆಲಸ ಮಾಡಬಾರದಮ್ಮ" ಎಂದಳು.

"ಒದ್ದೆ ಬಟ್ಟೆ ಯಾಕೆ?"

"ಗಾಳೀಲಿ ಎಷ್ಟು ನೀರಿದೆ ಅಂತ ಅದು ಹೇಳುತ್ತೆ. ಗಾಳಿ ಒಣಗಿದ್ರೆ ಆ ಬಟ್ಟೆ ಬೇಗ ಆರಿ, ಥರ್ಮಾಮೀಟರು ತಣ್ಣಗಾಗುತ್ತೆ. ಗಾಳಿ ತುಂಬಾ ನೀರೇ ಇದ್ರೆ..."

"ಬಟ್ಟೆ ಆರಲ್ಲ" ಎಂದು ತಾಯಿ ಮಾತು ಮುಗಿಸಿದಳು. "ಬಟ್ಟೆ ಆರದ ಕಡೆ ಬೆವರೂ ಆರಲ್ಲ. ಇಷ್ಟು ವರ್ಷ ಬಟ್ಟೆ ಒಣಗಿಸಿದೀನಿ, ಇದು ನನಗೆ ಹೊಳೀಲಿಲ್ಲ ನೋಡು."

ಮರುದಿನದಿಂದ ರೋಲರಿನ ಪಕ್ಕದ ಕಂಬದಲ್ಲಿ ಎರಡೂ ನೇತಾಡಿದವು. ಮಧ್ಯಾಹ್ನ ಒಂದು ಗಂಟೆಗೆ ಒಣದು ನಲವತ್ತನಾಲ್ಕು, ಒದ್ದೆಯದು ಮೂವತ್ತಮೂರು. ಮೂರು ವಾರ ನೋಡಿ, ಬರೆದಿಟ್ಟುಕೊಂಡು ಮ್ಯಾನೇಜರಿಗೆ ತೋರಿಸಿದಳು. ಹನ್ನೆರಡರಿಂದ ಮೂರರವರೆಗೆ ರೋಲರ್ ನಿಲ್ಲಿಸಿ, ಬೇಕಾದರೆ ಬೆಳಿಗ್ಗೆ ಎರಡು ತಾಸು ಮುಂಚೆಯೇ ಬರುತ್ತೇವೆ ಎಂದು ಕೇಳಿದಳು. ಅವನು ಹಾಳೆಯನ್ನು ನೋಡಿ ಪೇಪರ್‌ವೇಟಿನ ಕೆಳಗಿಟ್ಟ.

"ಈಗ ಇದನ್ನೆಲ್ಲ ಎತ್ತಬೇಡಮ್ಮ. ಮುಂದಿನ ತಿಂಗಳು ಆ ದೊಡ್ಡ ಸಮ್ಮೇಳನ ಇದೆ. ಊರಲ್ಲಿ ಒಂದು ಹೋಟೆಲು ಖಾಲಿ ಇಲ್ಲ. ಬಟ್ಟೆ ಮೂರು ಪಟ್ಟು ಬರುತ್ತೆ. ಅದೊಂದು ಮುಗೀಲಿ."

"ಏನು ಸಮ್ಮೇಳನ ಸಾರ್ ಅದು?"

"ಅದೇ, ಹವಾಮಾನದ್ದು. ಲೋಕ ಎಲ್ಲ ಬಿಸಿಯಾಗ್ತಾ ಇದೆಯಲ್ಲ, ಅದಕ್ಕೆ ಏನು ಮಾಡಬೇಕು ಅಂತ ಎಲ್ಲಾ ದೇಶದವರು ಬಂದು ಹದಿನಾಲ್ಕು ದಿನ ಮಾತಾಡ್ತಾರಂತೆ."

ಹೇಳಿ ಮುಗಿಸಿದ ಮೇಲೆ ಅವನಿಗೇ ಏನೋ ಅನ್ನಿಸಿರಬೇಕು, ಹಾಳೆಯನ್ನು ಇನ್ನೊಮ್ಮೆ ನೋಡಿದ. ಇಸ್ತ್ರಿಯಕ್ಕ ಹೊರಗೆ ಬಂದಳು.

ಊರಿಗೆ ಸುಣ್ಣಬಣ್ಣ ಬಳಿಯತೊಡಗಿದರು. ಸಮ್ಮೇಳನದ ಸಭಾಂಗಣದ ದಾರಿಯುದ್ದಕ್ಕೂ ಹೂಕುಂಡಗಳು ಬಂದವು. ಅದೇ ಹೊತ್ತಿಗೆ ಭೂಗೋಳದ ಮೇಡಂ ಲಾಂಡ್ರಿಯ ಗೇಟಿಗೆ ಬಂದರು. ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು, ಈಗ ಹವಾಮಾನ ನ್ಯಾಯದ ಸಂಘ ಕಟ್ಟಿಕೊಂಡು ಓಡಾಡುವವರು. ಸಮ್ಮೇಳನ ಶುರುವಾಗುವ ದಿನ ಬೀದಿಯಲ್ಲಿ ಮೆರವಣಿಗೆ ಇದೆ, ಬಿಸಿಲಲ್ಲಿ ದುಡಿಯುವವರೆಲ್ಲ ಬರಬೇಕು ಎಂದು ಕರೆಯಲು ಬಂದಿದ್ದರು. ಊಟದ ಹೊತ್ತು. ಹೆಂಗಸರು ಅಂಗಳದ ಗೋಡೆಯ ನೆರಳಿನಲ್ಲಿ ಕೂತಿದ್ದರು.

"ಈ ಬಿಸಿ ಮಾಡಿದವರು ಒಬ್ಬರು, ಬೇಯೋರು ಇನ್ನೊಬ್ಬರು. ಅದನ್ನ ಹೇಳೋಕೆ ನೀವು ಬರಬೇಕಮ್ಮ" ಎಂದರು ಮೇಡಂ.

ಇಸ್ತ್ರಿಯಕ್ಕ ಕೈ ತೊಳೆದುಕೊಂಡು ಬಂದು ಅವರ ಎದುರು ಕೂತಳು. "ಮೇಡಂ, ತಪ್ಪು ತಿಳೀಬೇಡಿ. ಬೀದೀಲಿ ನಿಮ್ಮ ಸಾವಿರ ಜನದ ಮಧ್ಯೆ ನಾವು ಇಪ್ಪತ್ತೆರಡು ಜನ ಬಂದ್ರೆ ಇಪ್ಪತ್ತೆರಡೇ. ಇಲ್ಲಿ ನಾವೇ ಪೂರ್ತಿ. ಆ ಜನ ಮಲಗೋ ಬೆಡ್‌ಶೀಟು ನಮ್ಮ ಕೈ ದಾಟಿ ಹೋಗುತ್ತೆ. ಅಲ್ಲಿಂದ ಏನಾದ್ರೂ ಮಾಡಬಹುದಾ ನೋಡೋಣ."

ಮೇಡಂ ಕೈಲಿದ್ದ ಕರಪತ್ರಗಳನ್ನು ಚೀಲಕ್ಕೆ ತುರುಕಿದರು. "ಹೇಳು" ಎಂದರು.

ಆ ಭಾನುವಾರ ಮಧ್ಯಾಹ್ನ ಇಸ್ತ್ರಿಯಕ್ಕನ ಮನೆಯಲ್ಲಿ ಹೆಂಗಸರೆಲ್ಲ ಸೇರಿದರು. ಎರಡು ಕೋಣೆಯ ಮನೆ. ಕೂರಲು ಜಾಗ ಸಾಲದೆ ನಾಲ್ವರು ಅತ್ತೆಯ ಮಂಚದ ಮೇಲೆ, ಅತ್ತೆಯ ಕಾಲ ಬಳಿ ಕೂತರು. ಹನ್ನೆರಡಕ್ಕೆ ರೋಲರ್ ನಿಲ್ಲಿಸುವುದು, ಆ ಮೂರು ಗಂಟೆಯಲ್ಲಿ ಬಂದ ಬಟ್ಟೆಯನ್ನು ಒಗೆದು ಒಣಗಿಸಿ, ಇಸ್ತ್ರಿಯಿಲ್ಲದೆ ಮಡಚಿ, ಒಂದೊಂದರಲ್ಲಿ ಒಂದೊಂದು ಚೀಟಿ ಇಟ್ಟು ಕಳಿಸುವುದು. ಮಾತು ಅಲ್ಲಿಯವರೆಗೆ ಸರಾಗವಾಗಿ ಬಂತು. ಆಮೇಲೆ ಒಬ್ಬಳು "ಕೆಲಸದಿಂದ ತೆಗೆದ್ರೆ?" ಎಂದಳು.

"ಎಲ್ಲರನ್ನೂ ಒಟ್ಟಿಗೆ ತೆಗೆಯೋಕೆ ಆಗಲ್ಲ. ಅದೂ ಈ ಹದಿನಾಲ್ಕು ದಿನದಲ್ಲಿ ಆಗೋದೇ ಇಲ್ಲ. ಒಬ್ಬೊಬ್ಬರೇ ನಿಂತ್ರೆ ಒಬ್ಬೊಬ್ಬರನ್ನೇ ತೆಗೀತಾರೆ" ಎಂದಳು ಇಸ್ತ್ರಿಯಕ್ಕ. ಅವಳ ದನಿಯಲ್ಲಿ ಅಳುಕಿರಲಿಲ್ಲ. ಆದರೆ ಅವಳಿಗೆ ಬೇರೆಯೇ ಒಂದು ಸಂಕಟವಿತ್ತು, ಅದನ್ನು ಹೇಳಲು ನಾಚಿಕೆಯಾಗುತ್ತಿತ್ತು. ಕೊನೆಗೆ ಹೇಳಿಯೇ ಬಿಟ್ಟಳು. "ನನಗೆ ಕೆಲಸ ಹೋಗೋದರ ಭಯ ಇಲ್ಲ ಕಣ್ರೇ. ಸುಕ್ಕಿರೋ ಬಟ್ಟೆ ಹೊರಗೆ ಹೋಗುತ್ತಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಕಳಿಸಿಲ್ಲ. ನನ್ನ ಮುಖಕ್ಕೆ ನಾನೇ ಹೊಡ್ಕೊಂಡ ಹಾಗಿರುತ್ತೆ."

ಯಾರೂ ನಗಲಿಲ್ಲ. ಮಂಚದ ಮೇಲಿಂದ ಅತ್ತೆ ಹೇಳಿದರು: "ನಿನ್ನನ್ನ ಆ ಬಿಸಿ ಕಡೆ ಹಾಕಿಸಿದ್ದು ನಾನು. ಆವಾಗ ಅದು ಒಳ್ಳೆ ಜಾಗ ಅಂದ್ಕೊಂಡಿದ್ದೆ. ಸುಕ್ಕು ಬಟ್ಟೇದಲ್ಲಮ್ಮ, ಅದು ಯಾರದು ಅಂತ ಚೀಟೀಲಿ ಬರೀರಿ."

ಚೀಟಿಯನ್ನು ಎಲ್ಲರೂ ಸೇರಿ ಬರೆದರು, ಭೂಗೋಳದ ಮೇಡಂ ಅದನ್ನು ಹೊರದೇಶದವರಿಗೂ ಅರ್ಥವಾಗುವ ಹಾಗೆ ಎರಡು ಭಾಷೆಯಲ್ಲಿ ಅಚ್ಚು ಹಾಕಿಸಿದರು. "ಈ ಬೆಡ್‌ಶೀಟು ಒಗೆದದ್ದು, ಶುಭ್ರವಾಗಿದೆ. ಇಸ್ತ್ರಿಯಾಗಿಲ್ಲ. ಮಧ್ಯಾಹ್ನ ನಮ್ಮ ಇಸ್ತ್ರಿ ಕೋಣೆಯಲ್ಲಿ ನಲವತ್ತನಾಲ್ಕು ಡಿಗ್ರಿ ಬಿಸಿ ಇರುತ್ತದೆ, ಜೊತೆಗೆ ಉಗಿ. ಈ ವರ್ಷ ನಮ್ಮಲ್ಲೊಬ್ಬಳು ಇದೇ ಕೆಲಸ ಮಾಡುತ್ತಾ ಬಿದ್ದಳು. ನೀವು ಇಲ್ಲಿಗೆ ಬಂದಿರುವುದು ಈ ಬಿಸಿಯ ಬಗ್ಗೆ ಮಾತಾಡಲು. ಅದು ಆರುವವರೆಗೆ ಹನ್ನೆರಡರಿಂದ ಮೂರರತನಕ ನಾವು ಯಂತ್ರ ನಿಲ್ಲಿಸುತ್ತೇವೆ. ನಿಮಗೆ ಚೆನ್ನಾಗಿ ನಿದ್ದೆ ಬರಲಿ." ಕೊನೆಯ ಸಾಲು ಉದ್ದಕ್ಕನದು. ಬೈದ ಹಾಗೂ ಇರಬಾರದು, ಬೇಡಿದ ಹಾಗೂ ಇರಬಾರದು ಎಂದು ಹಟ ಹಿಡಿದು ಸೇರಿಸಿದ್ದಳು.

ಸಮ್ಮೇಳನ ಶುರುವಾದ ದಿನ ಹನ್ನೆರಡು ಹೊಡೆಯಿತು. ಇಸ್ತ್ರಿಯಕ್ಕ ರೋಲರಿನ ಕೆಂಪು ಗುಂಡಿ ಒತ್ತಿದಳು. ಕೋಣೆಯಲ್ಲಿ ಅಷ್ಟು ವರ್ಷ ಯಾರ ಕಿವಿಗೂ ಬೀಳದ ನೊಣದ ಸದ್ದು ಕೇಳಿಸಿತು. ಹೆಂಗಸರು ಅಂಗಳದ ನೆರಳಿಗೆ ಹೋಗಿ ಕೂತು ಇಸ್ತ್ರಿಯಾಗದ ಬಟ್ಟೆ ಮಡಚಿದರು. ಮೊದಲ ಬೆಡ್‌ಶೀಟನ್ನು ಇಸ್ತ್ರಿಯಕ್ಕ ತನ್ನ ಅಂಗೈಯಿಂದ ಎಷ್ಟು ಸಾಧ್ಯವೋ ಅಷ್ಟು ತೀಡಿ, ಚೀಟಿ ಇಟ್ಟಳು.

ಹೋಟೆಲಿನ ಕೋಣೆ ಸ್ವಚ್ಛ ಮಾಡುವ ಹೆಂಗಸರ ಕೈಗೆ ಚೀಟಿ ಮೊದಲು ಸಿಕ್ಕಿತು. ಕಸದ ಬುಟ್ಟಿಗೆ ಹಾಕಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅವರು ಅದನ್ನು ಓದಿದರು, ಹಾಸಿಗೆ ಹಾಸಿದರು, ಚೀಟಿಯನ್ನು ದಿಂಬಿನ ಮೇಲೆ ನಡುಮಧ್ಯೆ ಇಟ್ಟು ಬಾಗಿಲು ಹಾಕಿಕೊಂಡು ಹೋದರು. ಹೀಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಮ್ಯಾನೇಜರಿನ ಫೋನು ಒಂದೇ ಸಮನೆ ಬಡಿದುಕೊಂಡಿತು. ಅವನು ಶೆಡ್ಡಿಗೆ ನುಗ್ಗಿ ಬಂದ. "ಏನು ತಮಾಷೆ ಇದು? ಎಲ್ಲರನ್ನೂ ಮನೆಗೆ ಕಳಿಸ್ತೀನಿ."

"ಕಳಿಸಿ ಸಾರ್. ನಾಳೆ ಈ ರೋಲರ್ ಮುಂದೆ ಯಾರು ಬಂದು ನಿಲ್ತಾರೋ ಅವರಿಗೂ ಇದೇ ಥರ್ಮಾಮೀಟರು ತೋರಿಸಿ ಹೋಗ್ತೀನಿ" ಎಂದಳು ಇಸ್ತ್ರಿಯಕ್ಕ, ಕೈಯಲ್ಲಿನ ಬಟ್ಟೆ ಬಿಡದೆ. "ನಾವು ಆರು ಗಂಟೆಗೇ ಬಂದಿದೀವಿ. ಸಂಜೆ ಏಳರವರೆಗೆ ಇರ್ತೀವಿ. ಆ ಮೂರು ಗಂಟೆ ಮಾತ್ರ ಬೇಡ ಅಂತ ಕೇಳ್ತಿದೀವಿ."

ಅವನು ಮೂರನೇ ದಿನ ಅರ್ಧ ಬಟ್ಟೆಯನ್ನು ಸೇತುವೆಯಾಚೆಯ ಇನ್ನೊಂದು ಲಾಂಡ್ರಿಗೆ ಕಳಿಸಿದ. ವ್ಯಾನು ಹೋದ ದಾರಿಯಲ್ಲೇ ತುಂಬಿಕೊಂಡು ವಾಪಸ್ ಬಂತು. ಉದ್ದಕ್ಕನನ್ನು ಆಸ್ಪತ್ರೆಗೆ ಒಯ್ದಿದ್ದ ಡ್ರೈವರ್ ಅಲ್ಲಿನ ಹೆಂಗಸರಿಗೆ ಒಂದು ಚೀಟಿ ಓದಲು ಕೊಟ್ಟಿದ್ದನಂತೆ. "ನಮ್ಮಲ್ಲೂ ಹನ್ನೆರಡಕ್ಕೆ ನಿಲ್ಲಿಸಿದೀವಿ, ಬೇರೆಯವರ ಬಟ್ಟೆ ತಗೊಳ್ಳಲ್ಲ ಅಂದ್ರು ಸಾರ್" ಎಂದು ಅವನು ಮ್ಯಾನೇಜರಿಗೆ ಹೇಳುವಾಗ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ನಾಲ್ಕನೇ ದಿನ ನಡೆದದ್ದನ್ನು ಲಾಂಡ್ರಿಯವರು ಈಗಲೂ ನೆನೆಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ದೊಡ್ಡ ಹೋಟೆಲಿನಿಂದ ತುರ್ತು ಬೇಡಿಕೆ ಬಂತು. ಸಂಜೆಯೊಳಗೆ ಎಂಬತ್ತು ಮೇಜಿನ ಹಾಸು ಗರಿಗರಿಯಾಗಿ ಬೇಕು. ಮ್ಯಾನೇಜರ್ ಕೋಟು ಬಿಚ್ಚಿಟ್ಟು, ಆಫೀಸಿನ ಇಬ್ಬರು ಗುಮಾಸ್ತರನ್ನು ಎಳೆದುಕೊಂಡು ಬಂದು, ಮಧ್ಯಾಹ್ನ ಹನ್ನೆರಡೂವರೆಗೆ ತಾನೇ ರೋಲರ್ ಚಾಲೂ ಮಾಡಿದ. ಬಾಯ್ಲರ್ ಮಾಮ ಮರುಮಾತಾಡದೆ ಉಗಿ ಬಿಟ್ಟ. ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಮೊದಲ ಹಾಸು ಓರೆಯಾಗಿ ಹೋಗಿ ಬಾಳೆಸುಳಿಯ ಹಾಗೆ ಸುತ್ತಿಕೊಂಡು ಹೊರಬಂತು. ಹತ್ತು ನಿಮಿಷಕ್ಕೆ ಅವನ ಅಂಗಿ ಮೈಗೆ ಅಂಟಿತು. ಇಪ್ಪತ್ತು ನಿಮಿಷಕ್ಕೆ ಒಬ್ಬ ಗುಮಾಸ್ತ ನೀರು ಕುಡಿದು ಬರುತ್ತೇನೆಂದು ಹೋದವನು ಬರಲೇ ಇಲ್ಲ. ನಲವತ್ತನೇ ನಿಮಿಷಕ್ಕೆ ಮ್ಯಾನೇಜರ್ ಕಂಬ ಹಿಡಿದುಕೊಂಡು ನೆಲದ ಮೇಲೆ ಕೂತ. ಕಣ್ಣೆತ್ತಿದರೆ ಎದುರಿಗೆ ಎರಡು ಥರ್ಮಾಮೀಟರು.

ಇಸ್ತ್ರಿಯಕ್ಕ ಕೆಂಪು ಗುಂಡಿ ಒತ್ತಿ, ಅವನನ್ನು ಅಂಗಳಕ್ಕೆ ಕರೆತಂದು ತಾನು ಕೂರುವ ಜಾಗದಲ್ಲಿ ಕೂರಿಸಿದಳು. ಉಪ್ಪು ಸಕ್ಕರೆ ಹಾಕಿದ ನೀರು ಕೊಟ್ಟಳು. "ಒಂದೇ ಸಲ ಕುಡೀಬೇಡಿ ಸಾರ್. ಸ್ವಲ್ಪ ಸ್ವಲ್ಪ ಕುಡೀರಿ."

ಅವನು ಎರಡು ಲೋಟ ಮುಗಿಸಿದ. "ದಿನಾ ಹೀಗೇ ಇರುತ್ತಾ?" ಎಂದ.

"ಇವತ್ತು ಸ್ವಲ್ಪ ಗಾಳಿ ಇದೆ" ಎಂದಳು ಉದ್ದಕ್ಕ, ಹೊಲಿಗೆ ಮೂಲೆಯಿಂದ. ಆಗ ಮಾತ್ರ ಎಲ್ಲರಿಗೂ ನಗು ತಡೆಯಲಾಗಲಿಲ್ಲ. ಮ್ಯಾನೇಜರಿಗೂ.

ಆ ಮಾರನೇ ಬೆಳಿಗ್ಗೆ ಭೂಗೋಳದ ಮೇಡಂ ಜೊತೆಯಲ್ಲಿ ಒಬ್ಬ ಹೆಂಗಸು ಬಂದಳು. ದೂರದ ಯಾವುದೋ ಸಣ್ಣ ದ್ವೀಪದೇಶದ ಪ್ರತಿನಿಧಿ. ಐವತ್ತರ ಆಸುಪಾಸು, ದಪ್ಪ ಕನ್ನಡಕ, ಕೈಯಲ್ಲಿ ಮಡಚಿದ ಚೀಟಿ. ದಿಂಬಿನ ಮೇಲಿದ್ದದ್ದನ್ನು ಓದಿ, ವಿಳಾಸ ಹುಡುಕಿಕೊಂಡು ಬಂದಿದ್ದಳು. ಇಸ್ತ್ರಿ ಕೋಣೆಗೆ ಕರೆದೊಯ್ದರೆ ಒಳಗೆ ಕಾಲಿಟ್ಟ ಕೂಡಲೇ ಕನ್ನಡಕ ಮಂಜಾಯಿತು. ಅದನ್ನು ತೆಗೆದು ಕೈಯಲ್ಲಿ ಹಿಡಿದು, ಹನ್ನೊಂದೂವರೆಯಿಂದ ಹನ್ನೆರಡರವರೆಗೆ ರೋಲರಿನ ಪಕ್ಕದಲ್ಲೇ ನಿಂತಳು. ಕೂರಿ ಎಂದರೂ ಕೂರಲಿಲ್ಲ.

ಆಮೇಲೆ ಅಂಗಳದಲ್ಲಿ ಮಾತಾಡಿದರು, ಮೇಡಂ ಅತ್ತ ಇತ್ತ ಭಾಷೆ ಬದಲಿಸಿ ಹೇಳಿದರು. ದ್ವೀಪದವಳ ಊರಿನ ಶಾಲೆಯನ್ನು ಸಮುದ್ರ ಎರಡು ಸಲ ಹಿಂದಕ್ಕೆ ತಳ್ಳಿದೆಯಂತೆ. ಮೂರನೇ ಸಲ ತಳ್ಳಲು ದ್ವೀಪದಲ್ಲಿ ಜಾಗ ಇಲ್ಲವಂತೆ.

"ಸಮ್ಮೇಳನದಲ್ಲಿ ಕೂತು ಏನು ಮಾಡ್ತೀರಿ?" ಎಂದು ಇಸ್ತ್ರಿಯಕ್ಕ ಕೇಳಿದಳು.

ದ್ವೀಪದವಳು ಏನೋ ಹೇಳಿದಳು. ಮೇಡಂ ನಗುತ್ತಾ ತಿಳಿಸಿದರು: "ನಾಲ್ಕು ದಿನದಿಂದ ಒಂದೇ ಮಾತಿನ ಮೇಲೆ ಜಗಳವಂತೆ. ದೊಡ್ಡ ದೇಶಗಳು ತಮ್ಮ ಹೊಗೆ ಕಮ್ಮಿ 'ಮಾಡತಕ್ಕದ್ದು' ಅಂತ ಒಪ್ಪಂದದಲ್ಲಿ ಬರೀಬೇಕು ಅಂತ ಇವರು. 'ಮಾಡಬಹುದು' ಅಂದ್ರೆ ಸಾಕು ಅಂತ ಆ ದೇಶದವರು."

"ಅದು ಸಣ್ಣ ಜಗಳ ಅಲ್ಲ" ಎಂದಳು ಇಸ್ತ್ರಿಯಕ್ಕ. ದ್ವೀಪದವಳಿಗೆ ಅದನ್ನು ಹೇಳಿದಾಗ ಅವಳು ಕೈಚಾಚಿ ಇಸ್ತ್ರಿಯಕ್ಕನ ಮೊಣಕೈ ಹಿಡಿದಳು.

ಸಭಾಂಗಣದ ಒಳಗೆ ಹೋಗಲು ಪಾಸು ಬೇಕು. ಭೂಗೋಳದ ಮೇಡಮ್ಮಿನ ಸಂಘ ಆರು ತಿಂಗಳ ಮೊದಲೇ ಅರ್ಜಿ ಹಾಕಿದ್ದರೂ ಸಿಕ್ಕಿದ್ದು ಒಂದು. ದ್ವೀಪದವರು ತಮ್ಮ ಪಾಲಿನ ಒಂದು ಪಾಸನ್ನು ಇಸ್ತ್ರಿಯಕ್ಕನ ಕೊರಳಿಗೆ ಹಾಕಿದರು. ಎಂಟನೇ ದಿನ ಬೆಳಿಗ್ಗೆ, ತನಗೆ ಬಂದ ಮಾತಾಡುವ ಸಮಯದಲ್ಲಿ ಮೂರು ನಿಮಿಷವನ್ನು ದ್ವೀಪದವಳು ಅವಳಿಗೆ ಬಿಟ್ಟುಕೊಟ್ಟಳು. ಮೇಡಂ ಮಾತು ಮಾತಿಗೂ ಭಾಷೆ ಬದಲಿಸಲು ಪಕ್ಕದಲ್ಲಿ ನಿಂತರು.

ಒಳಗೆ ಚಳಿ. ಹೊರಗೆ ಬಿಸಿಲು ಡಾಂಬರು ಕರಗಿಸುತ್ತಿತ್ತು, ಒಳಗಿನವರು ಕೋಟಿನ ಗುಂಡಿ ಹಾಕಿಕೊಂಡಿದ್ದರು. ಇಸ್ತ್ರಿಯಕ್ಕ ಮೊದಲು ನೋಡಿದ್ದು ಮೇಜಿನ ಹಾಸಿನ ಮೂಲೆಯನ್ನು. ಹಸಿರು ದಾರ, ಮೂರು ಹೊಲಿಗೆ. ತಮ್ಮಲ್ಲಿಂದ ಬಂದದ್ದೇ. ನಿಂತ ನಿಲುವಿನಲ್ಲಿ ಅದನ್ನು ಒಮ್ಮೆ ಅಂಗೈಯಿಂದ ತೀಡಿದಳು. ಚೀಲದಿಂದ ಒದ್ದೆ ಕರವಸ್ತ್ರ ತೆಗೆದು ಕುರ್ಚಿಯ ಬೆನ್ನಿಗೆ ಹರವಿ ಕೂತಳು. ಅವಳ ಸರದಿ ಬರಲು ಒಂದೂವರೆ ಗಂಟೆ ಹಿಡಿಯಿತು.

"ನಾನು ನಿಮ್ಮ ಬೆಡ್‌ಶೀಟು ಇಸ್ತ್ರಿ ಮಾಡೋಳು" ಎಂದು ಶುರುಮಾಡಿದಳು. ಹಿಂದಿನ ಸಾಲಿನಲ್ಲಿ ಫೋನು ನೋಡುತ್ತಿದ್ದ ಕೆಲವರು ತಲೆ ಎತ್ತಿದರು. "ನನಗೆ ಗೊತ್ತಿರೋದು ಬಟ್ಟೆ ಒಣಗೋ ವಿಷಯ. ಈ ಕರವಸ್ತ್ರ ಬಂದಾಗ ಒದ್ದೆ ಇತ್ತು, ಈಗ ಒಣಗಿದೆ, ನೋಡಿ. ಇದೇ ಕರವಸ್ತ್ರ ನಮ್ಮ ಕೋಣೇಲಿ ಇಡೀ ದಿನ ಇಟ್ಟರೂ ಆರಲ್ಲ. ಅಲ್ಲಿನ ಗಾಳಿಗೆ ಹೊಟ್ಟೆ ತುಂಬಿದೆ, ಇನ್ನು ನೀರು ಕುಡಿಯಲ್ಲ. ಆವಾಗ ನಮ್ಮ ಬೆವರೂ ಆರಲ್ಲ. ಮೈಯ ಬಿಸಿ ಮೈಯಲ್ಲೇ ಉಳಿಯುತ್ತೆ. ನನ್ನ ಗೆಳತಿ ಹಾಗೇ ಬಿದ್ದಳು. ನಾವು ಅವಳು ಆಟ ಆಡ್ತಿದಾಳೆ ಅಂದ್ಕೊಂಡ್ವಿ."

ಸಮಯ ಮುಗಿಯುತ್ತಿದೆ ಎಂದು ಹಳದಿ ದೀಪ ಹೊತ್ತಿತು.

"ಲೋಕದ ಬಿಸಿ ಒಂದು ಡಿಗ್ರಿ ಏರಿದ್ರೆ ನಿಮ್ಮ ಹಾಳೇಲಿ ಒಂದು ಗೆರೆ ಮೇಲಕ್ಕೆ ಹೋಗುತ್ತೆ. ನಮ್ಮ ಶೆಡ್ಡಲ್ಲಿ ಆ ಒಂದು ಡಿಗ್ರಿಗೆ ತಗಡು ಸೇರುತ್ತೆ, ಉಗಿ ಸೇರುತ್ತೆ. ಆ ಬಿಸಿ ಮಾಡಿದ್ದು ನಾವಲ್ಲ. ನಮ್ಮ ಮನೇಲಿರೋದು ಎರಡು ಫ್ಯಾನು. ಮಾಡಿದವರು ಯಾರು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅದಕ್ಕೇ ಇಷ್ಟು ಜನ ಸೇರಿದೀರಿ. ನಾವು ಕೈ ಚಾಚೋಕೆ ಬಂದಿಲ್ಲ. ನಮ್ಮ ಮೂರು ಗಂಟೆ ನಾವು ತಗೊಂಡಿದೀವಿ. ನಿಮ್ಮ ಕೆಲಸ ನೀವು ಮಾಡಿ."

ಕೆಂಪು ದೀಪ ಹೊತ್ತುವ ಮೊದಲೇ ಅವಳು ಕೂತಿದ್ದಳು. ಚಪ್ಪಾಳೆ ಬಿತ್ತು, ಬಹಳ ಹೊತ್ತು ಬಿತ್ತು. ಹೊರಗೆ ಬರುವಾಗ ಅವಳು ಮೇಡಂಗೆ ಹೇಳಿದ್ದು ಇಷ್ಟೇ: "ಚಪ್ಪಾಳೆ ಹೊಡೆದವರಲ್ಲಿ 'ಬಹುದು' ಅನ್ನೋರೂ ಇದ್ರು, ನೋಡಿದ್ರಾ?"

ಅಷ್ಟರಲ್ಲಿ ಊರಿನ ಏಳು ಲಾಂಡ್ರಿಗಳೂ ಹನ್ನೆರಡಕ್ಕೆ ನಿಲ್ಲತೊಡಗಿದ್ದವು. ಹೋಟೆಲಿನವರು ಬೇರೆ ದಾರಿ ಕಾಣದೆ ಕೋಣೆ ಬಾಡಿಗೆಗೆ ಪಡೆದ ಅತಿಥಿಗಳನ್ನೇ ಕೇಳಿದರು. ಅತಿಥಿಗಳಲ್ಲಿ ಮುಕ್ಕಾಲು ಪಾಲು ಸುಕ್ಕಾದರೂ ಪರವಾಗಿಲ್ಲ ಎಂದರು, ಕೆಲವರು ಬೆಡ್‌ಶೀಟನ್ನು ದಿನಾ ಬದಲಿಸುವುದೇ ಬೇಡ ಎಂದರು. ಬಟ್ಟೆಯ ರಾಶಿ ಕರಗಿತು. ಹತ್ತನೇ ದಿನ ಮ್ಯಾನೇಜರ್ ಒಪ್ಪಂದದ ಕಾಗದ ಬರೆದುಕೊಂಡು ಶೆಡ್ಡಿಗೇ ಬಂದ. ಉದ್ದಕ್ಕ ಗಟ್ಟಿಯಾಗಿ ಓದಿದಳು. ಒದ್ದೆ ಥರ್ಮಾಮೀಟರು ಮೂವತ್ತು ದಾಟಿದ ದಿನ ಮಧ್ಯಾಹ್ನ ಮೂರು ಗಂಟೆ ಇಸ್ತ್ರಿ ಯಂತ್ರ ನಿಲ್ಲಿಸಬಹುದು, ಮಾಡಿನಲ್ಲಿ ಉಗಿ ಹೊರಹೋಗಲು ದೊಡ್ಡ ಫ್ಯಾನು ಕೂರಿಸಬಹುದು, ಶೆಡ್ಡಿಗೆ ತಾಗಿದಂತೆ ಶೌಚಾಲಯ ಕಟ್ಟಿಸಬಹುದು.

"ಸಾರ್, ಮೂರು ಕಡೆ 'ಬಹುದು' ಇದೆ" ಎಂದಳು ಇಸ್ತ್ರಿಯಕ್ಕ. "ಮೂರೂ ಕಡೆ 'ತಕ್ಕದ್ದು' ಹಾಕಿ."

"ಅರ್ಥ ಒಂದೇ ಅಲ್ವೇನಮ್ಮ?"

"ಅರ್ಥ ಒಂದೇ ಆಗಿದ್ರೆ ಹಾಕೋಕೆ ಏನು ಕಷ್ಟ ಸಾರ್?"

ಅವನು ಪೆನ್ನು ತೆಗೆದು, ಟ್ರಾಲಿಯ ಮೇಲೆ ಕಾಗದ ಇಟ್ಟು, ಮೂರು ಕಡೆ ತಿದ್ದಿ ಸಹಿ ಹಾಕಿದ. ಕೆಳಗೆ ಇಪ್ಪತ್ತೆರಡು ಹೆಂಗಸರ ಸಹಿ ಬಿತ್ತು.

ಹದಿನಾಲ್ಕು ದಿನದ ಸಮ್ಮೇಳನ ಹದಿನಾರನೇ ದಿನ ಮುಗಿಯಿತು. ಬಿಸಿಯಲ್ಲಿ ದುಡಿಯುವವರ ಬಗ್ಗೆ ಕರಡಿನಲ್ಲಿ ಒಂದು ಸಾಲು ಸೇರಿತ್ತು, ಕೊನೆಯ ಬೆಳಿಗ್ಗೆ ಅದನ್ನು ಮುಂದಿನ ವರ್ಷಕ್ಕೆ ತಳ್ಳಿದರು. ವಿಮಾನ ನಿಲ್ದಾಣದಿಂದ ದ್ವೀಪದವಳು ಮೇಡಂಗೆ ಫೋನು ಮಾಡಿ, ಇಸ್ತ್ರಿಯಕ್ಕನಿಗೆ ಕೊಡಿ ಎಂದಳು. ಅವಳ ದನಿ ಕುಸಿದಿತ್ತು, ಆ ಸಾಲನ್ನು ಉಳಿಸಿಕೊಳ್ಳಲು ಆಗಲಿಲ್ಲ ಎಂದು ಕ್ಷಮೆ ಕೇಳುತ್ತಿದ್ದಳು.

ಇಸ್ತ್ರಿಯಕ್ಕನಿಗೂ ಬೇಸರವಾಗದೆ ಇರಲಿಲ್ಲ. ಆದರೆ ಸೋತೆವು ಎಂದು ಮಾತ್ರ ಅವಳಿಗೆ ಅನ್ನಿಸಲೇ ಇಲ್ಲ. "ಕ್ಷಮೆ ಯಾಕೆ ಅಂತ ಹೇಳಿ ಮೇಡಂ. ಒಂದು ಸಲಕ್ಕೆ ಕಲೆ ಹೋಗದಿದ್ರೆ ಎರಡನೇ ಸಲ ನೆನೆಹಾಕ್ತೀವಿ. ಮುಂದಿನ ವರ್ಷ ಆ ಸಾಲು ಮತ್ತೆ ಎತ್ತಲಿ. ಅಷ್ಟರಲ್ಲಿ ನಾವೂ ಇಲ್ಲಿ ಸುಮ್ನೆ ಕೂತಿರಲ್ಲ."

ಅವರು ಕೂರಲೂ ಇಲ್ಲ. ಏಳು ಲಾಂಡ್ರಿಯ ಹೆಂಗಸರು ಸೇರಿ ಒಂದು ಸಂಘವಾಯಿತು, ಉದ್ದಕ್ಕ ಅದರ ಕಾರ್ಯದರ್ಶಿ. ಎರಡನೇ ವರ್ಷ ಕಾರ್ಮಿಕ ಇಲಾಖೆಯವರು ಬಂದು, ಕಂಬದಲ್ಲಿದ್ದ ಒದ್ದೆ ಥರ್ಮಾಮೀಟರನ್ನು ನೋಡಿ, ಊರಿನ ಎಲ್ಲ ಲಾಂಡ್ರಿಗಳಿಗೂ ಅದನ್ನು ಕಡ್ಡಾಯ ಮಾಡಿ ಆದೇಶ ಹೊರಡಿಸಿದರು. ಈ ಮೂರು ಬೇಸಿಗೆಯಲ್ಲಿ ಆ ಏಳು ಶೆಡ್ಡುಗಳಲ್ಲಿ ಒಬ್ಬರೂ ಬಿದ್ದಿಲ್ಲ. ದ್ವೀಪದವಳು ವರ್ಷಕ್ಕೊಂದು ಪತ್ರ ಬರೆಯುತ್ತಾಳೆ. ಆ ಸಾಲು ಕಳೆದ ಸಲ ಒಪ್ಪಂದದೊಳಗೆ ಸೇರಿತು, ಸದ್ಯಕ್ಕೆ ದುರ್ಬಲವಾದ ಮಾತುಗಳಲ್ಲಿ.

ಇಸ್ತ್ರಿಯಕ್ಕ ಈಗಲೂ ಬೆಳಿಗ್ಗೆ ಆರಕ್ಕೆ ರೋಲರಿನ ಮುಂದಿರುತ್ತಾಳೆ. ಮಧ್ಯಾಹ್ನದ ಮೂರು ಗಂಟೆಯಲ್ಲಿ, ವಾರಕ್ಕೆರಡು ದಿನ, ಭೂಗೋಳದ ಮೇಡಂ ಜೊತೆ ಬೇರೆ ಬೇರೆ ಕೆಲಸದ ಜಾಗಗಳಿಗೆ ಹೋಗುತ್ತಾಳೆ. ಹೋದ ವಾರ ಒಂದು ಬೇಕರಿಗೆ ಹೋಗಿದ್ದಳು. ಒಲೆಯ ಮುಂದೆ ನಿಲ್ಲುವವನು ಮೈಮುರಿದು, "ನಮಗೆ ಅಭ್ಯಾಸ ಆಗಿದೆ ಬಿಡಮ್ಮ" ಎಂದನಂತೆ. ಅವಳು ವಾದಕ್ಕೆ ಇಳಿಯದೆ ಒಂದು ಒದ್ದೆ ಬಟ್ಟೆಯನ್ನು ಅವನ ಕೈಗೆ ಕೊಟ್ಟು, ಇದು ಒಣಗಿದ ಮೇಲೆ ಮಾತಾಡೋಣ ಎಂದು ಬೆಂಚಿನ ಮೇಲೆ ಕೂತಳಂತೆ. ಒಂದು ಗಂಟೆಯ ಮೇಲೆ ಅವನೇ ಇನ್ನೂ ಆರದ ಬಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತು, ನಿಮ್ಮ ಸಂಘಕ್ಕೆ ಗಂಡಸರನ್ನೂ ಸೇರಿಸ್ತೀರಾ ಎಂದು ಕೇಳಿದನಂತೆ.

ಮನೆಗೆ ಬಂದು ಇದನ್ನು ಹೇಳಿದಾಗ, ಮಂಚದ ಮೇಲಿನ ಅತ್ತೆ ಕೇಳಿದರು: "ಅಂತೂ ಊರನ್ನೆಲ್ಲ ತಣ್ಣಗೆ ಮಾಡಿ ಬಂದ್ಯಾ?"

"ಇನ್ನೂ ಇಲ್ಲ ಅತ್ತೆ" ಎಂದಳು ಸೊಸೆ, ಚಪ್ಪಲಿ ಬಿಡುತ್ತಾ. "ಗುರುವಾರ ಗಾಜಿನ ಕಾರ್ಖಾನೆಗೆ ಹೋಗಬೇಕು."